ತಮಟೆ ಕಾಯಿಸುವ ಬೆಂಕಿಯಿಂದ ಬೇಸ್ ಬಾಕ್ಸ್‌ವರೆಗೆ

ಮೆರವಣಿಗೆ ಹೊರಡುವ ಮೊದಲು ತಮಟೆಯವರು ಬೀದಿ ಬದಿಯಲ್ಲಿ ಒಣಹುಲ್ಲು, ಹಳೆ ರಟ್ಟು ಗುಡ್ಡೆ ಹಾಕಿ ಬೆಂಕಿ ಮಾಡುತ್ತಾರೆ. ತಮಟೆಯ ಮುಖವನ್ನು ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ. ಕಾವು ಹೆಚ್ಚಾದರೆ ಚರ್ಮ ಹರಿಯುತ್ತದೆ, ಕಡಿಮೆಯಾದರೆ ನಾದ ಬೊದ್ದೆನ್ನುತ್ತದೆ. ನಾಲ್ಕು ಹೆಜ್ಜೆ ಆಚೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತ ಡಿಜೆ ಹುಡುಗ ಮಿಕ್ಸರ್‌ನ ಗುಂಡಿ ತಿರುಗಿಸುತ್ತಾ ಅದೇ ಕೆಲಸ ಮಾಡುತ್ತಿರುತ್ತಾನೆ. ಬೇಸ್ ಎಷ್ಟು ಬಿಗಿ, ಟಾಪ್ ಎಷ್ಟು ಚೂಪು, ಎಲ್ಲಿ ಒಡೆಯುತ್ತದೆ ಎಂದು ನೋಡುತ್ತಿರುತ್ತಾನೆ. ಚನ್ನಪಟ್ಟಣ, ಕನಕಪುರ ಕಡೆಯ ಗಣಪತಿ ಮೆರವಣಿಗೆಗಳಲ್ಲಿ ಇವರಿಬ್ಬರನ್ನೂ ಒಟ್ಟಿಗೆ ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ನಮ್ಮ ಕಡೆಯ ಡಿಜೆ ಬೆಂಗಳೂರಿನ ಪಬ್ಬಿನಿಂದ ಇಳಿದು ಬಂದವನಲ್ಲ. ಅವನು ಈ ಬೆಂಕಿಯ ಪಕ್ಕದಲ್ಲೇ ಹುಟ್ಟಿದವನು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ದೇವರು ಹೊರಟರೆ ಜನ ಕುಣಿಯಲೇಬೇಕು. ಪಟದ ಕುಣಿತ, ಪೂಜಾ ಕುಣಿತ, ಸೋಮನ ಕುಣಿತ, ಹೆಸರಲ್ಲೇ ಕುಣಿತ ಇರುವ ಕಲೆಗಳಿವು. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ ಹೊರಟಾಗ ಊರಿಗೂರೇ ರಾತ್ರಿಯೆಲ್ಲ ಬೀದಿಯಲ್ಲಿರುತ್ತದೆ. ಇವೆಲ್ಲಕ್ಕೂ ಏಟು ಕೊಡುತ್ತಾ ಬಂದದ್ದು ತಮಟೆ. ಎಡಗೈಯಲ್ಲಿ ಸಪೂರ ಕಡ್ಡಿ, ಬಲಗೈಯಲ್ಲಿ ಗಿಡ್ಡ ಕೋಲು. ಕುಣಿಯುವವನ ಕಾಲು ನೋಡಿ ಏಟು ಬದಲಿಸುವ ಕಣ್ಣು. ಎಚ್.ಎಲ್. ನಾಗೇಗೌಡರು ರಾಮನಗರದ ಹೆದ್ದಾರಿಯಲ್ಲಿ ಕಟ್ಟಿದ ಜಾನಪದ ಲೋಕದಲ್ಲಿ ಈ ವಾದ್ಯಗಳು ಗೌರವದಿಂದ ಕೂತಿವೆ.

ಹೊರಗೆ ಆ ಗೌರವ ಇರಲಿಲ್ಲ, ಇದನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ತಮಟೆ ಬಡಿಯುವುದು ಹಲವು ಊರುಗಳಲ್ಲಿ ಕಲೆ ಅನ್ನಿಸಿಕೊಳ್ಳಲಿಲ್ಲ, ಜಾತಿಯ ಮೇಲೆ ಹೇರಿದ ಚಾಕರಿಯಾಗಿತ್ತು. ಸಾವಿಗೆ ಕರೆದರೂ ಹೋಗಬೇಕು, ಜಾತ್ರೆಗೆ ಕರೆದರೂ ಹೋಗಬೇಕು, ಗುಡಿಯ ಹೊರಗೇ ನಿಲ್ಲಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರ ತಲೆಮಾರು ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿ ಕಟ್ಟಿದಾಗ ಅದೇ ತಮಟೆ ಹೋರಾಟದ ವಾದ್ಯವಾಯಿತು. ಊರ ಚಾಕರಿಗೆ ಮಾತ್ರ ಬಾರಿಸುವುದಿಲ್ಲ ಎಂದ ಹುಡುಗರೂ ಆಗ ಎದ್ದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಬಹಳ ತಡವಾಗಿ ಬಂತು.

ಚಳವಳಿಯ ಆ ದಿನಗಳಿಗಾಗಲೇ ಮೈಕ್ ಸೆಟ್ ಬಂದಿತ್ತು. ತೆಂಗಿನಮರಕ್ಕೆ ಕಟ್ಟಿದ ಹಾರ್ನ್, ಬ್ಯಾಟರಿ, ಆಂಪ್ಲಿಫೈಯರ್, ಒಂದು ಪೆಟ್ಟಿಗೆ ತುಂಬ ಪ್ಲೇಟು. ಸೈಕಲ್ ಶಾಪಿನವನೋ ಶಾಮಿಯಾನದವನೋ ಜೊತೆಗೆ ಇದನ್ನೂ ಇಟ್ಟುಕೊಳ್ಳುತ್ತಿದ್ದ. ಬೆಳಿಗ್ಗೆ ಭಕ್ತಿಗೀತೆ, ಹೆಣ್ಣು ಗಂಡು ಮಂಟಪಕ್ಕೆ ಬಂದಾಗ ಒಂದು, ಊಟದ ಹೊತ್ತಿಗೆ ಒಂದು. ಯಾವ ಗಳಿಗೆಗೆ ಯಾವ ಹಾಡು ಎಂದು ತೀರ್ಮಾನಿಸುತ್ತಿದ್ದವನು ಅವನೇ. ನನ್ನ ಮಟ್ಟಿಗೆ ಈ ಜಿಲ್ಲೆಯ ಮೊದಲ ಡಿಜೆ ಆ ಮೈಕ್ ಸೆಟ್ಟಿನವನು. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರೀಕರಣವಾದದ್ದು ಇದೇ ಸೀಮೆಯ ರಾಮದೇವರ ಬೆಟ್ಟದ ಬುಡದಲ್ಲಿ. ಪಾಲಿಡಾರ್ ಕಂಪನಿ ಆ ಚಿತ್ರದ ಹಾಡುಗಳಷ್ಟೇ ಅಲ್ಲ, ಸಂಭಾಷಣೆಯನ್ನೂ ಪ್ಲೇಟು ಮಾಡಿ ಮಾರಿತು. ಬರೀ ಮಾತನ್ನೂ ಜನ ನಿಂತು ಕೇಳುತ್ತಾರೆ ಎಂದು ಆ ಪ್ಲೇಟು ತೋರಿಸಿಕೊಟ್ಟಿತು. ಇವತ್ತಿನ ಡಿಜೆ ಹಾಡಿನ ನಡುವೆ ಸಿನಿಮಾ ಡೈಲಾಗ್ ಹಾಕಿ ಜನರಿಂದ ಶಿಳ್ಳೆ ಹೊಡೆಸುವುದಕ್ಕೂ ಇದಕ್ಕೂ ನಂಟಿದೆ ಎಂದೇ ನನ್ನ ಎಣಿಕೆ.

ಹೊರಗಿನ ಲೋಕದಲ್ಲಿ ಆಗ ಏನಾಗುತ್ತಿತ್ತು? 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಪ್ಲೇಟು ತಿರುಗಿಸುವ ಯಂತ್ರ ಬಂತು. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ ಕೂಲ್ ಹರ್ಕ್ ಎಂಬ ಯುವಕ, ಹಾಡಿನಲ್ಲಿ ಜನ ಹೆಚ್ಚು ಕುಣಿಯುವ ತುಣುಕನ್ನಷ್ಟೇ ಎರಡು ಯಂತ್ರದಿಂದ ಮತ್ತೆ ಮತ್ತೆ ನುಡಿಸಿದ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಏಟಿಗೆ ಕೂಡಿಸಿ ತಂದ ಪ್ಲೇಟನ್ನು ಆಗ ಯಾರೂ ಕೇಳಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಜಗತ್ತು ಬೆರಗಾಯಿತು. ತೊಂಬತ್ತರ ದಶಕದಲ್ಲಿ ನೆದರ್ಲೆಂಡ್ಸ್‌ನ ಬಂದರು ಊರು ರಾಟರ್‌ಡ್ಯಾಮ್‌ನ ದುಡಿಯುವ ಮನೆಗಳ ಹುಡುಗರು ನಿಮಿಷಕ್ಕೆ 160, 180 ಏಟಿನ ಹಾರ್ಡ್‌ಕೋರ್ ಸಂಗೀತವನ್ನು ತಮ್ಮದೆಂದು ಎದೆಗವಚಿಕೊಂಡರು. ಕಾರ್ಖಾನೆಯ ಸದ್ದಿನಂಥ ಬೇಸ್ ಏಟು, ಬೆವರು, ರಾತ್ರಿಯಿಡೀ ಕುಣಿತ. ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ, ಬಿಡದಿಯ ಕಾರ್ಖಾನೆಯಲ್ಲಿ, ಕನಕಪುರದ ಕಲ್ಲುಕ್ವಾರಿಯಲ್ಲಿ ದುಡಿದು ಬಂದ ನಮ್ಮ ಹುಡುಗರಿಗೆ ಕುಣಿತದ ಆ ಹಸಿವು ಅಪರಿಚಿತವಲ್ಲ.

ನಮ್ಮಲ್ಲಿ ಕ್ಯಾಸೆಟ್ ಬಂತು, ಆರ್ಕೆಸ್ಟ್ರಾ ಬಂತು, ಸಿಡಿ ಬಂತು. 2005ರಲ್ಲಿ ಬಿಡದಿ ಬಳಿ ವಂಡರ್‌ಲಾ ಮನೋರಂಜನಾ ಪಾರ್ಕ್ ತೆರೆದಾಗ, ಸುತ್ತಲಿನ ಎಷ್ಟೋ ಹುಡುಗರು ಮೊದಲ ಸಲ ಡಾನ್ಸ್ ಫ್ಲೋರ್ ಎಂಬುದರ ಮೇಲೆ ಕಾಲಿಟ್ಟದ್ದು ಅಲ್ಲಿನ ರೈನ್ ಡಿಸ್ಕೊದಲ್ಲಿ. ನಿಜವಾದ ತಿರುವು ಅದಲ್ಲ, ಅಗ್ಗದ ಲ್ಯಾಪ್‌ಟಾಪ್. ವರ್ಚುವಲ್ ಡಿಜೆ, ಎಫ್‌ಎಲ್ ಸ್ಟುಡಿಯೋದಂಥ ತಂತ್ರಾಂಶ ಇದ್ದರೆ ಹಳ್ಳಿಯ ಕೋಣೆಯಲ್ಲೇ ರೀಮಿಕ್ಸ್ ಆಗುತ್ತದೆ. ಈ ರೀಮಿಕ್ಸ್‌ಗಳು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಮೆಮೊರಿ ಕಾರ್ಡಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ವಾಟ್ಸ್ಆ್ಯಪಿಗೆ ಹರಿಯುತ್ತವೆ. ಕದಿಯಬಾರದೆಂದು ಹಾಡಿನ ನಡುನಡುವೆ ಡಿಜೆ ತನ್ನ ಹೆಸರು ಕೂಗಿಸಿರುತ್ತಾನೆ. ಭೂಗತ ಸಂಗೀತ ಎಂದರೆ ಇದಕ್ಕಿಂತ ಬೇರೆ ಏನು?

ಇದರಲ್ಲಿ ಕೌಶಲ ಎಲ್ಲಿದೆ ಎಂದು ಕೇಳುವವರು ಒಮ್ಮೆ ಎಣಿಸಿ ನೋಡಬೇಕು. ಮೆರವಣಿಗೆಯ ಟಪ್ಪಾಂಗುಚ್ಚಿ ಕುಣಿತದ ಏಟು ಆರೆಣಿಕೆಯದು, ಮೂರು ಮೂರಾಗಿ ಉರುಳುತ್ತದೆ. ಕ್ಲಬ್ಬಿನ ಏಟು ನಾಲ್ಕೆಣಿಕೆಯದು, ಸುತ್ತಿಗೆಯಂತೆ ನೆಟ್ಟಗೆ ಬೀಳುತ್ತದೆ. ಕುಣಿತ ನಿಲ್ಲದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಒಂದು ಕ್ಷಣ ತಪ್ಪಿದರೂ ಇನ್ನೂರು ಜೊತೆ ಕಾಲು ತಡವರಿಸುತ್ತವೆ. ಬಲ್ಲವನು ಮೊದಲು ಬೇಸ್ ಕತ್ತರಿಸುತ್ತಾನೆ, ಬರೀ ತಮಟೆಯ ಸದ್ದು ಉಳಿಸುತ್ತಾನೆ, ಜನ ಕೈ ಮೇಲೆತ್ತಿ ಕಾಯುವಂತೆ ಮಾಡುತ್ತಾನೆ, ಆಮೇಲೆ ಹೊಸ ಏಟನ್ನು ಬೇಸಿನೊಂದಿಗೆ ಇಳಿಸುತ್ತಾನೆ. 2018ರ 'ಟಗರು' ಚಿತ್ರದ ಹಾಡು ಅಷ್ಟು ಮೆರವಣಿಗೆಗಳಲ್ಲಿ ಮೊಳಗಿದ್ದು ಅದರೊಳಗೇ ಈ ಜನಪದ ಏಟು ಇದ್ದುದರಿಂದ.

ಡಿಜೆ ತಮಟೆಯವರ ಅನ್ನ ಕಸಿದ ಎನ್ನುವ ದೂರು ನಿಜ. ಎಂಟು ಜನರ ಮೇಳದ ಜಾಗಕ್ಕೆ ಒಂದು ಟ್ರೇಲರ್ ಬಂದಿದೆ. ಆದರೆ ಬಾಡಿಗೆಗೆ ಸಿಗುವ ಸದ್ದಿಗೆ ಜಾತಿಯಿಲ್ಲ. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಗೆ ಕೇರಿಯ ಹುಡುಗರು ಚಂದಾ ಎತ್ತಿ ಡಿಜೆ ಹಾಕಿಸಿ, ನೀಲಿ ಬಾವುಟ ಹಿಡಿದು ಊರ ನಡುಬೀದಿಯಲ್ಲಿ ಕುಣಿಯುವಾಗ, ಆ ಸದ್ದನ್ನು ಬರೀ ಗಲಾಟೆ ಎನ್ನಲು ನನ್ನಿಂದಾಗದು.

ಹಾಗೆಂದು ಕಿವಿಯನ್ನು ಮರೆಯುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವಿಲ್ಲ. ಹಬ್ಬಕ್ಕೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಸಬಹುದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. 50 ಹರ್ಟ್ಸ್‌ನ ಬೇಸ್ ಅಲೆ ಸುಮಾರು ಏಳು ಮೀಟರ್ ಉದ್ದ. ಅದಕ್ಕೆ ಕಿಟಕಿ ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಬಾಣಂತಿಯ ಕೋಣೆಗೂ, ಎದೆನೋವಿನ ಅಜ್ಜನ ಮಂಚಕ್ಕೂ ತಲುಪುತ್ತದೆ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಡಿಜೆಯೇ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದಾದರೆ, 100 ಡೆಸಿಬೆಲ್‌ಗೆ ಹದಿನೈದು ನಿಮಿಷವಷ್ಟೇ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಟ್ರೇಲರ್ ಮೇಲೆ ಆರು ಗಂಟೆ ನಿಲ್ಲುವ ಈ ಹುಡುಗರ ಕಿವಿಯಲ್ಲಿ ಹತ್ತಿಯೂ ಇರುವುದಿಲ್ಲ. ಕಿವಿ ಕಾಪಾಡಿಕೊಳ್ಳುವುದನ್ನು ಅವರಿಗೆ ಕಲಿಸುವವರೂ ಇಲ್ಲ.

ಕಲಿಕೆ ಎಂಬುದು ಈಗಲೂ ಹಳೆಯ ಮೈಕ್ ಸೆಟ್ಟಿನ ದಾರಿಯಲ್ಲೇ ಇದೆ. ಹೊಸ ಹುಡುಗನಿಗೆ ಮೊದಲ ವರ್ಷ ಮಿಕ್ಸರ್ ಮುಟ್ಟಲು ಬಿಡುವುದಿಲ್ಲ. ಬಾಕ್ಸ್ ಹೊರಬೇಕು, ಜನರೇಟರ್‌ಗೆ ಡೀಸೆಲ್ ಹಾಕಬೇಕು, ಬೇಸ್ ಬಿದ್ದಾಗ ಲೈಟು ಮಂಕಾದರೆ ವೋಲ್ಟ್ ಮೀಟರ್ ನೋಡಿ ಹೇಳಬೇಕು. ಆಮೇಲೆ ಕೇಬಲ್ ಸುತ್ತಬೇಕು: ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ, ಒಳಗಿನ ತಂತಿ ತಿರುಚಿಕೊಳ್ಳದ ಹಾಗೆ. ಗಣಪತಿ ನೀರಿಗಿಳಿದು ಜನ ಕರಗಿದ ಮೇಲೆ, ಅಂಥ ಒಬ್ಬ ಹುಡುಗ ಟ್ರೇಲರ್ ಅಂಚಿನಲ್ಲಿ ಕೂತು ಕೇಬಲ್ ಸುತ್ತುವುದನ್ನು ನೋಡಿದ್ದೇನೆ. ಸದ್ದೆಲ್ಲ ಅಡಗಿತ್ತು. ಕೈ ಕೇಬಲ್ ಸುತ್ತುತ್ತಿತ್ತು, ಹಿಮ್ಮಡಿ ಮಾತ್ರ ಟ್ರೇಲರ್ ತಗಡಿಗೆ ಮೂರು ಮೂರಾಗಿ ತಮಟೆ ಏಟು ಹಾಕುತ್ತಲೇ ಇತ್ತು.