ಕಾಲುವಿ ಜಿಲೇಬಿ ಮತ್ತು ಎರಡು ಫೂಟಿನ ತೊಟ್ಟಿ

ಬ್ಯಾಸಗಿ ಸೂಟಿಗೆ ಮಮ್ಮಗ ಬೆಂಗ್ಳೂರಿಂದ ಪೋತ್ನಾಳಕ್ಕ ಬಂದಿದ್ದ. ಮೊಬೈಲ್ ಕೈಯಾಗಿಂದ ಬಿಡಿಸ್ಬೇಕಂತ ಅವರಜ್ಜ ರಾಯಚೂರಿಗೆ ಕರ್ಕೊಂಡು ಹೋಗಿ ಎರಡು ಫೂಟಿನ ಗಾಜಿನ ತೊಟ್ಟಿ, ಗಾಳಿ ಊದೋ ಪಂಪು, ರೂಪಾಯಿ ನಾಣ್ಯದಷ್ಟು ನಾಕು ಯಾಂಜಲ್ ಮೀನು ಕೊಡಿಸ್ಕೊಂಡು ಬಂದ್ರು. ನಮ್ಮ ಮನ್ಯಾಗ ಮೀನ ತಿನ್ನಂಗಿಲ್ಲ. ಹಂಗಾಗಿ ಓಣಿ ಮಂದಿ, "ಏನ್ರಿ ಅಕ್ಕಾರ, ಮೀನಿನ ಸಾರು ಸುರು ಮಾಡೀರೇನು?" ಅಂತ ನಗ್ಯಾಡಿದ್ರು.

ಹದಿನೈದು ದಿನಕ್ಕ ಹುಡುಗ ಇನ್ನೊಂದು ಕೆಲಸ ಮಾಡಿದ. ಬ್ಯಾಸಗ್ಯಾಗ ಎಡದಂಡೆ ಕಾಲುವಿ ಬಂದ್ ಆಗ್ತದಲ್ರಿ, ಆಗ ತೆಗ್ಗಿನ್ಯಾಗ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ನೀರು ನಿಂತಿರ್ತದ. ಅದರಾಗಿಂದ ಎರಡು ಬೆರಳಿನಷ್ಟು ಉದ್ದದ ಒಂದು ಬೂದಿ ಬಣ್ಣದ ಮೀನು ನೀರಿನ ಬಾಟ್ಲ್ಯಾಗ ಹಿಡ್ಕೊಂಡು ಬಂದು, "ಅಜ್ಜಿ, ಪಾಪ ಇದು ಬಿಸಿಲಿಗೆ ಸಾಯ್ತದ" ಅಂದ. ಪಾಪ ಅಂದ ಮ್ಯಾಲ ನಾನೇನ್ ಬ್ಯಾಡ ಅನ್ಲಿ. ತೊಟ್ಟಿಗೆ ಬಿಟ್ವಿ.

ಸೂಟಿ ಮುಗಿಸಿ ಹುಡುಗ ಹೋದ ಒಂದು ವಾರಕ್ಕ ಮೊದಲ್ನೇ ಯಾಂಜಲ್ಲಿನ ರೆಕ್ಕಿ ಹರಿದು ಚಿಂದಿ ಆಗಿತ್ತು. ತಿಂಗಳ ತುಂಬೋದ್ರಾಗ ನಾಕೂ ಹೋದ್ವು. ಬೂದಿ ಮೀನು ಮಾತ್ರ ತಳದಾಗಿನ ಕಲ್ಲೆಲ್ಲಾ ಬಾಯಿಲೆ ಎತ್ತಿ ಒಂದು ಮೂಲಿಗೆ ಕೆಡವಿ, ತೊಟ್ಟಿ ನಡುವ ದೊಡ್ಡ ಕುಣಿ ತೋಡಿ ಗೌಡನಂಗ ಕುಂತಿತ್ತು. ಹುಡುಗ ಫೋನ್ ಮಾಡಿ, "ಅಜ್ಜಿ, ಯಾಂಜಲ್ ಹೆಂಗದಾವು?" ಅಂದ್ರ ನಾನು "ಆರಾಮದಾವಪ್ಪ" ಅಂದೆ. ಒಂದಲ್ಲ, ನಾಕೈದು ಸಲ ಅಂದೆ.

ಕಾಲುವ್ಯಾಗ ಬಲಿ ಹಾಕೋ ಒಬ್ಬಾತ ನಮ್ಮ ಓಣಿಗುಂಟ ಹೋಗ್ತಾನ. ಆತನ್ನ ಒಳಗ ಕರ್ದು ತೋರಿಸಿದೆ. ನೋಡಿದ್ದೇ ನಕ್ಕ. "ಅಕ್ಕಾ, ಇದು ಜಿಲೇಬಿ. ಇದರ ಜತಿ ಯಾವುದೂ ಬಾಳಂಗಿಲ್ಲ."

ಜಿಲೇಬಿ ಅಂದ್ರ ತಿಲಾಪಿಯಾ. ಯಾಂಜಲ್ಲೂ ತಿಲಾಪಿಯಾನೂ ಒಂದೇ ಮನೆತನದವು ಅಂತ ಆಮ್ಯಾಲ ಗೊತ್ತಾಗಿ ನನಗ ಸೋಜಿಗ ಆತು. ಸಿಕ್ಲಿಡ್ ಅಂತಾರ ಆ ಮನೆತನಕ್ಕ. ಹೆಸರಿಟ್ಟು ಗುರುತಿಸಿದ ಜಾತಿನ ಸುಮಾರು 1700 ಅದಾವಂತ. ಆಫ್ರಿಕಾದಾಗ ಭಾಳ, ದಕ್ಷಿಣ ಅಮೆರಿಕಾದಾಗ ಭಾಳ, ನಮ್ಮ ದೇಶದವು ಮಾತ್ರ ಮೂರೇ ಮೂರು. ಹಂಗಾದ್ರ ಈ ಜಿಲೇಬಿ ನಮ್ಮ ಕಾಲುವಿಗೆ ಎಲ್ಲಿಂದ ಬಂತು?

ಇದರ ತವರುಮನಿ ಆಫ್ರಿಕಾದ ಮೂಡಣ ದಂಡಿ, ಜಾಂಬೆಜಿ ನದಿ ಕಡೆ. 1852ರಲ್ಲಿ ಪೀಟರ್ಸ್ ಅನ್ನೋ ಜರ್ಮನ್ ವಿಜ್ಞಾನಿ ಮೊಸಾಂಬಿಕ್ ದೇಶದ ಹೆಸರಿನ ಮ್ಯಾಲೇ ಇದಕ್ಕ ಹೆಸರಿಟ್ಟ. 1930ರ ದಶಕದ ಕೊನಿಗೆ, ಆಫ್ರಿಕಾದಿಂದ ಅಷ್ಟು ದೂರ ಇರೋ ಜಾವಾ ದ್ವೀಪದಾಗ ಈ ಮೀನು ಸಿಕ್ತು. ಮುಜಾಯಿರ್ ಅನ್ನೋ ಹಳ್ಳಿ ಮನುಷ್ಯ ಸಮುದ್ರದ ದಂಡಿಗೆ ಕಂಡು, ಉಪ್ಪುನೀರಿನ ಮೀನನ್ನ ಸ್ವಲ್ಪ ಸ್ವಲ್ಪ ಸಿಹಿನೀರಿಗೆ ರೂಢಿ ಮಾಡಿ ಹೊಂಡದಾಗ ಸಾಕಿದ. ಇವತ್ತಿಗೂ ಇಂಡೋನೇಷ್ಯಾದಾಗ ಈ ಮೀನಿಗೆ ಆತನ ಹೆಸರೇ ಐತಿ. ಎರಡ್ನೇ ಮಹಾಯುದ್ಧದಾಗ, ಆಮ್ಯಾಲ, ಹಸಿದ ದೇಶಗಳಿಗೆಲ್ಲ ಇದನ್ನ ಒಯ್ದ್ರು. ಯಾಕಂದ್ರ ಏನ್ ಹಾಕಿದ್ರೂ ತಿಂತದ, ಎಂಥಾ ನೀರಾಗೂ ಬದುಕ್ತದ, ಹೆಣ್ಣು ತತ್ತಿನ ಬಾಯಾಗ ಇಟ್ಕೊಂಡು ಮರಿ ಮಾಡ್ತದ. ಬಾಯಾಗ ತತ್ತಿ ಇರೋತನ ತಾಯಿ ಸರಿಯಾಗಿ ಉಣ್ಣಂಗಿಲ್ಲ ನೋಡ್ರಿ.

ನಮ್ಮ ದೇಶಕ್ಕ ಅದು ಬಂದದ್ದು 1952ರಲ್ಲಿ. ಈ ಇಸ್ವಿ ಓದಿ ನಾನು ಸ್ವಲ್ಪ ಹೊತ್ತು ಸುಮ್ನ ಕುಂತೆ. ಯಾಕಂದ್ರ ಮರುವರ್ಷ 1953ರಲ್ಲಿ ತುಂಗಭದ್ರಾ ಡ್ಯಾಮಿನ್ಯಾಗ ನೀರು ನಿಂತಿತು. 1945ರ ಫೆಬ್ರುವರಿಯಾಗ ನಿಜಾಮ ಸರ್ಕಾರದವರು ಒಂದು ಕಡೆ, ಮದ್ರಾಸ್ ಸರ್ಕಾರದವರು ಇನ್ನೊಂದು ಕಡೆ ಅಡಿಗಲ್ಲು ಹಾಕಿದ್ದ ಡ್ಯಾಮ್ ಅದು. ಅದರ ಎಡದಂಡೆ ಕಾಲುವಿ ಸಿಂಧನೂರು, ಮಾನ್ವಿ ಕಡೆ ಬಂದ ಮ್ಯಾಲ ಜ್ವಾಳ, ಹತ್ತಿ ಬಿತ್ತೋ ಎರಿಹೊಲದಾಗ ನೆಲ್ಲು ಬಂತು. ನಮ್ಮತ್ತಿ ಹೇಳ್ತಿದ್ರು, ಕಾಲುವಿ ಬರೋ ಮುಂಚೆ ಅನ್ನ ಅಂದ್ರ ಹಬ್ಬ ಅಂತ. ನೀರು ಬಂದಲ್ಲಿ ಮೀನು ಬಂತು. ಕಾಲುವಿ, ಭತ್ತ, ಜಿಲೇಬಿ, ಮೂರೂ ನಮ್ಮ ಸೀಮಿಗೆ ಹೆಚ್ಚುಕಮ್ಮಿ ಒಂದೇ ತಲೆಮಾರಿನ ಹೊಸಬರು.

ಏಳೇ ವರ್ಷಕ್ಕ ದೊಡ್ಡವರಿಗೆ ಪಶ್ಚಾತ್ತಾಪ ಆತು. ಜಿಲೇಬಿ ಮರಿ ಮ್ಯಾಲ ಮರಿ ಹಾಕಿ ಕೆರಿ ತುಂಬಿ, ತಾನೂ ದೊಡ್ಡದಾಗ್ಲಿಲ್ಲ, ಕಟ್ಲಾ, ರೋಹು ಮೀನಿಗೂ ಜಾಗ ಬಿಡ್ಲಿಲ್ಲ. 1959ರಲ್ಲಿ ದೇಶದ ಮೀನುಗಾರಿಕೆ ಸಂಶೋಧನಾ ಸಮಿತಿ, ಇನ್ನ ಇದನ್ನ ಹಬ್ಬಿಸಬಾರ್ದು ಅಂತ ನಿರ್ಬಂಧ ಹಾಕ್ತು. ಆದ್ರ ಜಿಲೇಬಿಗೆ ಆ ಸುದ್ದಿ ಮುಟ್ಲಿಲ್ಲ. ಇಡೀ ಕೆರಿಗೆ ಆದದ್ದೇ ನನ್ನ ಎರಡು ಫೂಟಿನ ತೊಟ್ಟ್ಯಾಗ ಒಂದು ತಿಂಗಳದಾಗ ಆತು.

ಮೀನಿನ ಮ್ಯಾಲ ನಮ್ಮ ಕಡಿ ಮಂದಿಗೆ ಕುತೂಹಲ ಹೊಸದೇನಲ್ಲ. ಬೀದರ್ ಕಡೆ ಕಲ್ಯಾಣದಾಗ ಆಳಿದ ಚಾಲುಕ್ಯರ ಮೂರ್ನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಾಗ 'ಮತ್ಸ್ಯವಿನೋದ' ಅಂತ ಒಂದು ಭಾಗನೇ ಐತಿ. ಮೂವತ್ತೈದರಷ್ಟು ಬಗೆ ಮೀನು, ಅವು ಸಮುದ್ರದವೋ ನದಿಯವೋ, ಯಾವುದಕ್ಕ ಏನು ತಿನಿಸಬೇಕು ಅಂತೆಲ್ಲಾ ಬರ್ದಾನ. ಗಾಳ ಹಾಕೋದು ರಾಜನ ಆಟ ಆಗಿತ್ತು. ಗಾಜಿನ ತೊಟ್ಟ್ಯಾಗ ಸಾಕೋದು ಮಾತ್ರ ಭಾಳ ಈಚಿನದು. 1850ರಲ್ಲಿ ಲಂಡನ್ನಿನ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರ್ಯಾಗ ಬಂಗಾರ ಮೀನು, ನೀರಿನ ಗಿಡ, ಬಸವನಹುಳ ಮೂರನ್ನೂ ಜತಿಗೆ ಇಟ್ಟು, ನೀರು ಬದಲಿಸದೇ ಬದುಕಿಸಿ ತೋರಿಸಿದ. ಮೂರು ವರ್ಷಕ್ಕ ಲಂಡನ್ನಿನ ಪ್ರಾಣಿಸಂಗ್ರಹಾಲಯದಾಗ ಮಂದಿಗೆ ನೋಡಾಕ ಮೀನಿನ ಮನಿ ತೆಗೆದ್ರು. ನಮ್ಮ ಕಡೆ ಮುಂಬೈದಾಗ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿ, ಬೆಂಗ್ಳೂರಿನ ಕಬ್ಬನ್ ಪಾರ್ಕಿನ್ಯಾಗ 1983ರಲ್ಲಿ ಆತು. ಮದುವಿ ಆದ ಹೊಸದ್ರಾಗ ನಾನು ಯಾಂಜಲ್ ಮೊದಲ ನೋಡಿದ್ದು ಆ ಕಬ್ಬನ್ ಪಾರ್ಕಿನ್ಯಾಗೇ. ನಮ್ಮ ಮನಿಯವರಿಗೆ ಅದು ನೆನಪಿಲ್ಲ, ಮಸಾಲಿ ದೋಸಿ ತಿಂದದ್ದು ನೆನಪೈತಿ.

ಇರ್ಲಿ. ಮುಂದ ಏನು ಸಾಕೋದು ಅನ್ನೋದು ನನ್ನ ಪ್ರಶ್ನೆ. ಜಿಲೇಬಿನ ಆ ಬಲಿ ಹಾಕಾತನಿಗೇ ಕೊಟ್ಟೆ. ಏನ್ ಮಾಡಿದ ಅಂತ ನಾನು ಕೇಳ್ಲಿಲ್ಲ, ಆತನೂ ಹೇಳ್ಲಿಲ್ಲ. ಖಾಲಿ ತೊಟ್ಟಿ ತಿಂಗಳಗಟ್ಲೆ ಇಡಾಕ ಮನಸಾಗ್ಲಿಲ್ಲ, ದಸರಾಕ್ಕ ಹುಡುಗ ಬರ್ತಾನ.

ಒಂದು ಅಂಗಡ್ಯಾಗ "ಫ್ಲವರ್‌ಹಾರ್ನ್ ಒಯ್ರಿ, ವಾಸ್ತುಕ್ಕ ಚಲೋ, ಲಕ್ಷ್ಮಿ ಬರ್ತಾಳ" ಅಂದ್ರು. ತಲಿ ಮ್ಯಾಲ ಗಡ್ಡಿ ಎದ್ದ ಮೀನು ಅದು. ಯಾವ ಹೊಳ್ಯಾಗೂ ಹುಟ್ಟಿದ್ದಲ್ಲ, 1990ರ ದಶಕದಾಗ ಮಲೇಷ್ಯಾ ಕಡೆ ಮಿಶ್ರತಳಿ ಮಾಡಿ ತಯಾರ ಮಾಡಿದ್ದು. ಒಂದೇ ಸಾಕ್ಬೇಕು, ಜತಿಗೆ ಯಾವುದನ್ನೂ ಸೇರಿಸಂಗಿಲ್ಲ. ಬ್ಯಾಡ ಅಂದೆ. ಆಸ್ಕರ್ ತೋರಿಸಿದ್ರು, ಮರಿ ಭಾಳ ಮುದ್ದು, ಆದ್ರ ಫೂಟು ಉದ್ದ ಬೆಳೀತದ. ನನ್ನ ತೊಟ್ಟ್ಯಾಗ ಹಿಡಿಯೋದು ಐವತ್ತು ಲೀಟರ್ ನೀರು, ಅದರಾಗ ಆಸ್ಕರ್ ತಿರುಗಾಕೂ ಬರಂಗಿಲ್ಲ. ಯಾಂಜಲ್ ಸಹಿತ ಬೆಳೆದ ಮ್ಯಾಲ ಒಂದು ಗೇಣು ಎತ್ತರ ಬೇಡ್ತದ, ಸಣ್ಣ ನಿಯಾನ್ ಮೀನು ಸಿಕ್ರ ನುಂಗ್ತದ. ಅಂಗಡಿಯವರು ಎಲ್ಲಾನೂ ಮರಿ ಇದ್ದಾಗೇ ಮಾರ್ತಾರ, ಅದಕ್ಕ ಮೀನು ನೋಡೋ ಮುಂಚೆ ಬೆಳೆದ ಮ್ಯಾಲ ಎಷ್ಟಾಗ್ತದ ಅಂತ ಕೇಳ್ರಿ. ನಾನು ಕೇಳಿದ್ದಿಲ್ಲ.

ಇನ್ನ ನೀರು. ನಮ್ಮ ಬೋರಿನ ನೀರು ಸವುಳು, ಚರಿಗಿಗೆ ಬೆಳ್ಳಗ ಪದರು ಕೂಡ್ತದ. ಡಿಸ್ಕಸ್, ರಾಮ್ ಅನ್ನೋ ಸಿಕ್ಲಿಡ್‌ಗಳು ಅಮೆಜಾನ್, ಒರಿನೋಕೊ ಕಡಿವು, ಮೆತ್ತನ ನೀರು ಬೇಡ್ತಾವು. ಮಲಾವಿ ಸರೋವರದ ಬಣ್ಣಬಣ್ಣದವಕ್ಕ ಸವುಳು ನೀರು ಆಗ್ತದ, ಖರೆ ಜಗಳಗಂಟವು, ಎರಡು ಫೂಟು ಸಾಲಂಗಿಲ್ಲ. ಮತ್ತ ನಮ್ಮ ಬ್ಯಾಸಗಿ ನಲವತ್ತೆರಡು ಡಿಗ್ರಿ ದಾಟ್ತದ. ಬಿಸಿ ನೀರಾಗ ಆಮ್ಲಜನಕ ಕಮ್ಮಿ, ಅದರ ಮ್ಯಾಲ ಕರೆಂಟ್ ಹೋತಂದ್ರ ಪಂಪೂ ಬಂದ್.

ಇದನ್ನೆಲ್ಲಾ ಲೆಕ್ಕ ಹಾಕಿದ ಮ್ಯಾಲ ಉಳಿದದ್ದು ನಮ್ಮ ದೇಶದ ಆ ಮೂರರಾಗ ಒಂದು. ಒಂದು ಕೇರಳದವರ ಕರಿಮೀನು, 2010ರಲ್ಲಿ ಅವರ ರಾಜ್ಯದ ಮೀನು ಆತು. ಹೆಸರಿನ್ಯಾಗ ಸೂರತ್ ಐತಿ, ಬಾಳುವೆ ಮಾತ್ರ ದಕ್ಷಿಣದಾಗ. ಅದು ನಮ್ಮ ತೊಟ್ಟಿಗೆ ದೊಡ್ಡದು. ಎರಡ್ನೇದು ನಮ್ಮ ಕರ್ನಾಟಕದ್ದೇ, ದಕ್ಷಿಣ ಕನ್ನಡದ ಹೊಳಿಗಳನ್ನ ಬಿಟ್ರ ಜಗತ್ತಿನ್ಯಾಗ ಬ್ಯಾರೆ ಎಲ್ಲೂ ಇಲ್ಲ. ಮದ್ರಾಸ್ ಸೈನ್ಯದಾಗ ಡಾಕ್ಟರ್ ಆಗಿದ್ದ ಫ್ರಾನ್ಸಿಸ್ ಡೇ 1877ರಲ್ಲಿ ಅದಕ್ಕ ಕೆನರಾ ಹೆಸರು ಸೇರಿಸಿ ಬರ್ದ. ಅಪರೂಪದ್ದು, ಅದನ್ನ ಅದರ ಹೊಳ್ಯಾಗೇ ಬಿಡೋದು ಚಲೋ ಅಂತ ನನ್ನ ಅಭಿಪ್ರಾಯ. ಮೂರ್ನೇದು ಆರೆಂಜ್ ಕ್ರೋಮೈಡ್, ಅರಿಶಿಣ ಬಣ್ಣ, ಮೈ ಮ್ಯಾಲ ಕರಿ ಮಚ್ಚಿ, ಮೂರು ಇಂಚಿನದು. ಬರ್ಲಿನ್ನಿನ ಡಾಕ್ಟರ್ ಬ್ಲಾಖ್ 1795ರಲ್ಲಿ ಇದರ ಬಗ್ಗೆ ಬರ್ದ. ಸಮುದ್ರದ ಹಿನ್ನೀರಿನ ಮೀನು, ಸವುಳು ನೀರಿಗೆ ಅಂಜಂಗಿಲ್ಲ. ಈ ಮೂರರ ಹತ್ತಿರದ ಬಳಗ ಮಡಗಾಸ್ಕರ್ ದ್ವೀಪದಾಗ ಐತಂತ.

ಇದರದೂ ಕರಿಮೀನಿಂದೂ ಸಂಬಂಧ ಓದಿದ್ರ ನಮ್ಮ ನೆಗೆಣ್ಣಿಯರ ಸಂಸಾರ ನೆನಪಾಗ್ತದ. ವೈಮನ್, ವಾರ್ಡ್ ಅನ್ನೋ ಇಬ್ರು 1972ರಲ್ಲಿ ಬರ್ದಾರ, ಆರೆಂಜ್ ಕ್ರೋಮೈಡ್ ಕರಿಮೀನಿನ ಮೈಗೆ ಹತ್ತಿದ ಹುಳ ಆರಿಸಿ ತಿಂದು ಸ್ವಚ್ಛ ಮಾಡ್ತದ ಅಂತ. ಅದೇ ಕ್ರೋಮೈಡ್ ಸಂಧಿ ಸಿಕ್ರ ಕರಿಮೀನಿನ ತತ್ತಿನೂ ತಿಂತದ.

ನಮ್ಮ ತಮ್ಮನ ಮಗ ಚೆನ್ನೈದಾಗ ಕೆಲಸಕ್ಕಿದ್ದಾನ. ಅಲ್ಲಿ ಕೊಳತ್ತೂರ್ ಅಂದ್ರ ಸಾಕೋ ಮೀನಿನ ದೊಡ್ಡ ಪ್ಯಾಟಿ. ಆರು ಮರಿ ಆಕ್ಸಿಜನ್ ತುಂಬಿದ ಚೀಲದಾಗ ಹಾಕಿಸಿ ರಾತ್ರಿ ರೈಲಿಗೆ ರಾಯಚೂರಿಗೆ ತಂದ. ಅಷ್ಟರಾಗ ನಾನು ತೊಟ್ಟಿ ತೊಳೆದು, ನೀರು ತುಂಬಿ, ಗಿಡ ಹಚ್ಚಿ, ಒಡೆದ ಹಂಚು, ಕಲ್ಲು ಒಟ್ಟಿ ಮೂರು ಗೂಡು ಮಾಡಿ, ಮೂರು ವಾರ ಪಂಪು ಹಚ್ಚಿಟ್ಟಿದ್ದೆ. ಸಿಕ್ಲಿಡ್‌ಗಳಿಗೆ ಒಂದರ ಕಣ್ಣು ಇನ್ನೊಂದಕ್ಕ ಬೀಳದಂಗ ಮರಿ ಇರ್ಬೇಕು, ಇಲ್ಲಂದ್ರ ಸೋತದ್ದಕ್ಕ ಓಡಿಹೋಗಾಕ ಜಾಗ ಇರಂಗಿಲ್ಲ.

ಎರಡು ತಿಂಗಳಿಗೆ ಅವುಗಳಾಗೇ ಒಂದು ಜೋಡಿ ಕೂಡ್ತು. ನಾವು ಜೋಡಿ ಮಾಡಂಗಿಲ್ಲ ನೋಡ್ರಿ, ಐದಾರು ತಂದು ಅವಕ್ಕೇ ಬಿಡ್ಬೇಕು. ಕೂಡಿದ್ದೇ ಉಳಿದ ನಾಕನ್ನ ಅಟ್ಟಾಡಿಸಾಕ ಸುರು ಮಾಡಿದ್ವು. ಈ ಸಲ ನಾನು ಕಾಯ್ಲಿಲ್ಲ, ಅವತ್ತೇ ನಾಕನ್ನ ಬಾಜು ಮನಿ ಸಿಮೆಂಟ್ ತೊಟ್ಟಿಗೆ ಬಿಟ್ಟೆ.

ಕೊನ್ರಾಡ್ ಲೊರೆಂಜ್ ಅನ್ನೋ ವಿಜ್ಞಾನಿ (1973ರಲ್ಲಿ ನೊಬೆಲ್ ಬಂತು) ತಮ್ಮ ತೊಟ್ಟ್ಯಾಗಿನ ಒಂದು ಸಿಕ್ಲಿಡ್ ಅಪ್ಪನ ಕತಿ ಬರ್ದಾರ. ಸಂಜಿಗೆ ಮರಿಗಳನ್ನ ಬಾಯಾಗ ತುಂಬ್ಕೊಂಡು ಮನಿಗೆ ಸೇರಿಸ್ತಿತ್ತಂತ. ಒಮ್ಮಿ ಬಾಯಾಗ ತಿನ್ನೋ ಹುಳನೂ ಇತ್ತು, ಮರಿನೂ ಬಂತು. ನುಂಗಿದ್ರ ಮರಿ ಹೋತು, ಉಗುಳಿದ್ರ ಊಟ ಹೋತು. ಸ್ವಲ್ಪ ಹೊತ್ತು ಗಪ್ಪನ ನಿಂತು, ಎರಡನ್ನೂ ಉಗುಳಿ, ಮೊದಲ ಹುಳ ತಿಂದು, ಆಮ್ಯಾಲ ಮರಿನ ಎತ್ಕೊಂಡು ಮನಿಗೆ ಹೋತಂತ.

ದಸರಾಕ್ಕ ಹುಡುಗ ಬಂದ. ಚಪ್ಪಲಿ ಸಹಿತ ಬಿಚ್ಚದೇ ತೊಟ್ಟಿ ಮುಂದ ನಿಂತು, "ಅಜ್ಜಿ, ಇವು ಯಾಂಜಲ್ ಅಲ್ಲ" ಅಂದ. ಕುಂದ್ರಿಸಿ ಎಲ್ಲಾ ಹೇಳಿದೆ. ಜಿಲೇಬಿದೂ ಹೇಳಿದೆ, ಫೋನಿನ್ಯಾಗ ನಾನು ಸುಳ್ಳ ಹೇಳಿದ್ದೂ ಹೇಳಿದೆ. ಭಾಳ ಹೊತ್ತು ಮಾತಾಡ್ಲಿಲ್ಲ. ಅವತ್ತು ಸಂಜಿತನ ನನ್ನ ಕೈಯಾಗ ಊಟನೂ ಮಾಡ್ಲಿಲ್ಲ, ಅವರಜ್ಜ ತಿನಿಸಿದ್ರು.

ಮರುದಿನ ಮುಂಜಾನೆ ಆತನೇ ಕೂಗಿದ. ಹಂಚಿನ ಬೆನ್ನಿಗೆ ಸಾಸಿವಿ ಕಾಳಿನಂಗ ತತ್ತಿ ಹತ್ತಿದ್ವು, ಒಂದು ಮೀನು ರೆಕ್ಕಿಲೆ ಗಾಳಿ ಬೀಸಾಕತ್ತಿತ್ತು, ಇನ್ನೊಂದು ಗಾಜಿನ ಆಚಿಗಿದ್ದ ನಮ್ಮಿಬ್ಬರನ್ನ ಹೆದರಿಸಾಕತ್ತಿತ್ತು. ನಾವು ನೋಡಕೋಂತ ನಿಂತಾಗೇ ಕರೆಂಟ್ ಹೋತು, ಪಂಪು ನಿಂತಿತು. "ಅಜ್ಜಿ, ಈಗೇನ್ ಮಾಡೋದು?" ಅಂದ. ಒಂದು ಲೋಟ ಕೊಟ್ಟೆ. ತೊಟ್ಟಿ ನೀರನ್ನೇ ತುಂಬಿ, ತತ್ತಿಗೆ ದೂರದ ಮೂಲ್ಯಾಗ ಮ್ಯಾಲಿಂದ ನಿಧಾನಕ ಸುರುವು ಅಂದೆ. ಕರೆಂಟ್ ಬರೋತನ, ಮುಕ್ಕಾಲು ತಾಸು, ನಾನೊಂದಿಷ್ಟು ಆತನೊಂದಿಷ್ಟು ಸುರುವಿದ್ವಿ.