ಒಂದೇ ಮಾದರಿ ವರ್ಷ, ಎರಡು ವಾಹನ: ಅಮೆರಿಕದ ಫುಲ್‌ಸೈಜ್ ಪಿಕಪ್ ಮತ್ತು ಎಸ್‌ಯುವಿಗಳ ಕಾಲನಿರ್ಣಯ

1. ವ್ಯಾಪ್ತಿ

ಈ ಟಿಪ್ಪಣಿ ಅಮೆರಿಕದ ಮಾರುಕಟ್ಟೆಯ ಫುಲ್‌ಸೈಜ್ ಪಿಕಪ್‌ಗಳಿಗೆ ಮತ್ತು ಅವುಗಳೊಡನೆ ಚಾಸಿಸ್ ವಿನ್ಯಾಸ ಹಂಚಿಕೊಂಡ ಎಸ್‌ಯುವಿಗಳಿಗೆ ಸೀಮಿತ. ಹೆಚ್ಚಿನ ನಿದರ್ಶನಗಳು ಜನರಲ್ ಮೋಟರ್ಸ್‌ನವು. ‘ಫುಲ್‌ಸೈಜ್’ ಎಂಬುದು ವ್ಯಾಪಾರದ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೈಲೇಜ್ ಪಟ್ಟಿಯಲ್ಲಿರುವ ವರ್ಗ ‘ಸ್ಟ್ಯಾಂಡರ್ಡ್ ಪಿಕಪ್’; ಹೊರೆಸಹಿತ ಗರಿಷ್ಠ ತೂಕ 6,000ದಿಂದ 8,500 ಪೌಂಡ್, ಅಂದರೆ ಸುಮಾರು 2,720ರಿಂದ 3,855 ಕಿಲೋ. ಎರಡೂ ಪೂರ್ತಿ ತಾಳೆಯಾಗುವುದಿಲ್ಲ: 2500 ಮತ್ತು 3500 ದರ್ಜೆಯ ಪಿಕಪ್‌ಗಳು ಸಾಮಾನ್ಯವಾಗಿ ಈ ಮಿತಿಯನ್ನು ಮೀರುತ್ತವೆ.

2. ಮಾದರಿ ವರ್ಷದ ಅಳತೆ

ಭಾರತದ ಆರ್‌ಸಿಯಲ್ಲಿ ನಮೂದಾಗುವುದು ತಯಾರಿಕೆಯ ತಿಂಗಳು ಮತ್ತು ವರ್ಷ. ಅಮೆರಿಕದ ‘ಮಾದರಿ ವರ್ಷ’ ಬೇರೆ. ಅಲ್ಲಿನ ಹೊಗೆ ನಿಯಮಗಳ ಪ್ರಕಾರ ಒಂದು ಮಾದರಿ ವರ್ಷದ ಉತ್ಪಾದನಾ ಅವಧಿಯಲ್ಲಿ ಅದೇ ಹೆಸರಿನ ವರ್ಷದ ಜನವರಿ 1 ಸೇರಿರಬೇಕು. ಬೇರೆ ಯಾವ ಜನವರಿ 1 ಕೂಡ ಸೇರಕೂಡದು. ಹಾಗಾಗಿ 2007ರ ಮಾದರಿಯ ಉತ್ಪಾದನೆ 2006ರ ಜನವರಿ 2ರಷ್ಟು ಮೊದಲೇ ಆರಂಭವಾಗಬಹುದು, 2007ರ ಡಿಸೆಂಬರ್ 31ರವರೆಗೂ ನಡೆಯಬಹುದು.

ಈ ವರ್ಷ ಚಾಸಿಸ್ ನಂಬರಿನಲ್ಲೇ ಇರುತ್ತದೆ. 1981ರ ಮಾದರಿಗಳಿಂದ ಈಚೆಗೆ 17 ಸ್ಥಾನಗಳ ಸಂಖ್ಯೆ ಕಡ್ಡಾಯ. ಅದರ 10ನೆಯ ಸ್ಥಾನ ಮಾದರಿ ವರ್ಷದ ಸಂಕೇತ. ಸಂಕೇತಗಳು 30 ವರ್ಷಕ್ಕೊಮ್ಮೆ ಮರುಕಳಿಸುವುದರಿಂದ ‘ಎಂ’ 1991ನ್ನೂ ಸೂಚಿಸೀತು, 2021ನ್ನೂ ಸೂಚಿಸೀತು. 10,000 ಪೌಂಡ್ ಮೀರದ ಲಘು ವಾಹನಗಳಲ್ಲಿ 7ನೆಯ ಸ್ಥಾನ ನೋಡಿ ಇದನ್ನು ಬಗೆಹರಿಸಬಹುದು: ಅಲ್ಲಿ ಅಂಕಿಯಿದ್ದರೆ ಹಳೆಯ ಸುತ್ತು, ಅಕ್ಷರವಿದ್ದರೆ 2010ರಿಂದೀಚಿನ ಸುತ್ತು.

3. ಪಿಕಪ್–ಎಸ್‌ಯುವಿ ಅಂತರ

ಜನರಲ್ ಮೋಟರ್ಸ್‌ನಲ್ಲಿ 1988ರಿಂದೀಚೆಗೆ ಹೊಸ ವಿನ್ಯಾಸ ಪಿಕಪ್‌ಗೂ ಎಸ್‌ಯುವಿಗೂ ಒಟ್ಟಿಗೇ ಬಂದದ್ದು ಅಪರೂಪ. ಕಂಪನಿಯ ವಿನ್ಯಾಸ ಸಂಕೇತವಾರು ಮಾದರಿ ವರ್ಷಗಳ ಲೆಕ್ಕ ಹೀಗಿದೆ:

ಜಿಎಂಟಿ400: ಪಿಕಪ್ 1988, ಸಬರ್ಬನ್ ಮತ್ತು ಬ್ಲೇಜರ್ 1992, ಅಂತರ 4.
ಜಿಎಂಟಿ800: ಪಿಕಪ್ 1999, ಸಬರ್ಬನ್ ಮತ್ತು ಟಾಹೋ 2000, ಅಂತರ 1.
ಜಿಎಂಟಿ900: ಎರಡೂ 2007, ಅಂತರ 0.
ಕೆ2ಎಕ್ಸ್‌ಎಕ್ಸ್: ಪಿಕಪ್ 2014, ಎಸ್‌ಯುವಿ 2015, ಅಂತರ 1.
ಟಿ1ಎಕ್ಸ್‌ಎಕ್ಸ್: ಪಿಕಪ್ 2019, ಎಸ್‌ಯುವಿ 2021, ಅಂತರ 2.

ಮೂರನೆಯ ಸಾಲಿನ ಸೊನ್ನೆಯನ್ನು ನೇರವಾಗಿ ಒಪ್ಪುವಂತಿಲ್ಲ. ಹೊಸ ಟಾಹೋ 2006ರ ಆರಂಭದಲ್ಲೇ ಮಾರಾಟಕ್ಕೆ ಬಂತು. ಹೊಸ ಸಿಲ್ವರಾಡೋ ಪಿಕಪ್ ಬಂದದ್ದು ಆ ವರ್ಷದ ಕೊನೆಗೆ. ಬಾಗಿಲ ಚೌಕಟ್ಟಿನ ಪ್ರಮಾಣ ಚೀಟಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಅಚ್ಚು ಹಾಕುವುದು ಅಲ್ಲಿ ಕಡ್ಡಾಯ. ಎರಡು ವಾಹನಗಳ ಚೀಟಿಯಲ್ಲೂ ‘03/06’ ಇದೆ ಎಂದಿಟ್ಟುಕೊಳ್ಳೋಣ. ಟಾಹೋದ 10ನೆಯ ಸ್ಥಾನದಲ್ಲಿ 7 ಇರುತ್ತದೆ, ಸಿಲ್ವರಾಡೋದಲ್ಲಿ 6. ಒಂದೇ ಕಂಪನಿ, ಒಂದೇ ತಿಂಗಳು; ಆದರೂ ಮಾದರಿ ವರ್ಷ ಎರಡು.

4. ಒಂದೇ ವರ್ಷ, ಎರಡು ತಲೆಮಾರು

ಇದಕ್ಕೆ ವಿರುದ್ಧವಾದ ಗೊಂದಲವೂ ಇದೆ. ಹಳೆಯ ವಿನ್ಯಾಸವನ್ನು ನಿಲ್ಲಿಸದೆ, ಹೆಸರಿಗೊಂದು ಬಾಲ ಸೇರಿಸಿ, ಹೊಸದರ ಜೊತೆಗೇ ಮಾರಿದ ಖಚಿತ ನಿದರ್ಶನಗಳು: ಫೋರ್ಡ್ ಎಫ್‌-150 ‘ಹೆರಿಟೇಜ್’ (2004), ಸಿಲ್ವರಾಡೋ ‘ಕ್ಲಾಸಿಕ್’ (2007), ಸಿಲ್ವರಾಡೋ ‘ಎಲ್‌ಡಿ’ (2019), ಜಿಎಂಸಿ ಸಿಯೆರಾ ‘ಲಿಮಿಟೆಡ್’ (2019), ರಾಮ್ 1500 ‘ಕ್ಲಾಸಿಕ್’ (2019–2024). 2000ದ ಟಾಹೋ ‘ಲಿಮಿಟೆಡ್’ ಮತ್ತು ‘ಜಡ್‌71’ ಕೂಡ ಹಳೆಯ ಜಿಎಂಟಿ400ರವೇ. ಆದ್ದರಿಂದ ಮೇಲಿನ ಪಟ್ಟಿಯ ಎರಡನೆಯ ಸಾಲು 2000ದ ಎಲ್ಲ ಟಾಹೋಗಳಿಗೂ ಅನ್ವಯಿಸುವುದಿಲ್ಲ.

‘ಲಿಮಿಟೆಡ್’ ಎಂಬ ಬಾಲಕ್ಕೆ ಎಲ್ಲೆಡೆ ಒಂದೇ ಅರ್ಥ ಕೊಡುವುದೂ ಸರಿಯಲ್ಲ. 2022ರ ಸಿಲ್ವರಾಡೋ 1500 ‘ಲಿಮಿಟೆಡ್’ ಮತ್ತು ಅದೇ ವರ್ಷದ ಪರಿಷ್ಕೃತ ಸಿಲ್ವರಾಡೋ ಎರಡೂ ಟಿ1ಎಕ್ಸ್‌ಎಕ್ಸ್ ವಿನ್ಯಾಸದವೇ. ಇಲ್ಲಿ ಆ ಪದ ಸೂಚಿಸುವುದು ಹಳೆಯ ತಲೆಮಾರನ್ನಲ್ಲ, ಪರಿಷ್ಕರಣೆಗೆ ಮುಂಚಿನ ರೂಪವನ್ನು.

ಬಾಲವನ್ನು ಕಂಪನಿಯೇ ಅಂಟಿಸದ ಕಡೆ ಬಳಕೆದಾರರು ಅರ್ಧ ವರ್ಷವನ್ನು ಸೃಷ್ಟಿಸಿಕೊಂಡಿದ್ದಾರೆ. 2007ರ ಮಾದರಿ ವರ್ಷದ ನಡುವೆ ಡಾಜ್ ರಾಮ್‌ನ ಹೆವಿ ಡ್ಯೂಟಿ ಪಿಕಪ್‌ಗಳಲ್ಲಿ 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್ ಹೋಗಿ 6.7 ಲೀಟರ್ ಎಂಜಿನ್ ಬಂತು. ಡೀಸೆಲ್ ಹೊಗೆಯ ಮಿತಿ ಬಿಗಿಯಾದದ್ದೂ 2007ರಲ್ಲೇ. ಬದಲಾವಣೆಗೆ ಅದು ಮುಖ್ಯ ಕಾರಣವೆಂದು ಹೇಳಬಹುದು. ಎರಡನೆಯದನ್ನು ವ್ಯಾಪಾರಿಗಳು ‘2007.5’ ಎನ್ನುತ್ತಾರೆ. ಚಾಸಿಸ್ ನಂಬರಿನಲ್ಲಿ ಅರ್ಧ ವರ್ಷಕ್ಕೆ ಸಂಕೇತವಿಲ್ಲ. ಎರಡರಲ್ಲೂ 10ನೆಯ ಸ್ಥಾನ 7.

5. ನಿರ್ಣಯ

ಮೇಲಿನ ನಿದರ್ಶನಗಳ ಮಟ್ಟಿಗೆ, ಮಾದರಿ ವರ್ಷವೊಂದರಿಂದಲೇ ತಲೆಮಾರನ್ನಾಗಲಿ ತಯಾರಿಕೆಯ ಕಾಲವನ್ನಾಗಲಿ ಊಹಿಸುವುದು ಸುರಕ್ಷಿತವಲ್ಲ. ಉಲ್ಲೇಖಿಸುವಾಗ ನಾಲ್ಕು ಅಂಶಗಳು ಒಟ್ಟಿಗಿರುವುದು ಮೇಲು: ಬಾಲಸಹಿತ ಪೂರ್ಣ ಹೆಸರು, ಮಾದರಿ ವರ್ಷ, ವಿನ್ಯಾಸ ಸಂಕೇತ, ಬಾಗಿಲ ಚೀಟಿಯ ತಿಂಗಳು. ಡೀಸೆಲ್ ವಾಹನವಾದರೆ ಎಂಜಿನ್ನಿನ ಲೀಟರ್ ಅಳತೆಯೂ ಬೇಕು. ಪರಿವರ್ತನೆಯ ವರ್ಷಗಳನ್ನು ಬಿಟ್ಟರೆ ಹೆಸರು ಮತ್ತು ಮಾದರಿ ವರ್ಷ ಬಹುಮಟ್ಟಿಗೆ ಸಾಕಾಗಬಹುದು. ಇತರ ತಯಾರಕರ ಪಿಕಪ್‌ಗಳಿಗೆ ಈ ನಿರ್ಣಯವನ್ನು ಇಲ್ಲಿ ವಿಸ್ತರಿಸಿಲ್ಲ.