ನಗೆಯ ವೇದಿಕೆಯಲ್ಲಿ ಮತಯಾಚನೆ

1992ರ ಜೂನ್ 3ರ ರಾತ್ರಿ ಆರ್ಸೆನಿಯೊ ಹಾಲ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಬಿಲ್ ಕ್ಲಿಂಟನ್ ಕಪ್ಪು ಕನ್ನಡಕ ಧರಿಸಿ ಸ್ಯಾಕ್ಸೊಫೋನ್ ಊದಿದರು. ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗೆ ಇದು ತಕ್ಕುದೇ ಎಂದು ಮೂಗು ಮುರಿದವರುಂಟು. ಭಾಷಣ ಕೇಳದ ಯುವಕರನ್ನು ತಲುಪುವ ಈ ಉಪಾಯ ಹೊಸದೇನಲ್ಲ. 1960ರಲ್ಲೇ ಕೆನಡಿ, ನಿಕ್ಸನ್ ಇಬ್ಬರೂ ಜಾಕ್ ಪಾರ್ ಅವರ ತಡರಾತ್ರಿಯ ‘ಟುನೈಟ್’ ಕಾರ್ಯಕ್ರಮಕ್ಕೆ ಬಂದಿದ್ದರು.

ಆ ಚುನಾವಣೆಯಲ್ಲಿ ಸೋತ ನಿಕ್ಸನ್ ಪಾಠ ಕಲಿತರು. ಬಿಗುಮುಖದ ಆ ಮನುಷ್ಯ 1968ರ ಸೆಪ್ಟೆಂಬರ್‌ನಲ್ಲಿ ‘ಲಾಫ್-ಇನ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದು ಕೆಲವೇ ಸೆಕೆಂಡು. ಆಡಿದ್ದು ಒಂದೇ ತಮಾಷೆಯ ಮಾತು. ಪ್ರತಿಸ್ಪರ್ಧಿ ಹ್ಯೂಬರ್ಟ್ ಹಂಫ್ರಿ ಅವರಿಗೂ ಆಹ್ವಾನವಿತ್ತು, ಒಪ್ಪಲಿಲ್ಲ. ನಿಕ್ಸನ್ ಗೆದ್ದರು, ಜನಮತದ ಅಂತರ ಶೇಕಡಾ 1ಕ್ಕೂ ಕಡಿಮೆ. ವಿಯಟ್ನಾಂ ಯುದ್ಧದ ಆ ವರ್ಷ ನಗೆಯೊಂದೇ ಗೆಲ್ಲಿಸಿತೆನ್ನುವುದು ಉತ್ಪ್ರೇಕ್ಷೆಯಾದೀತು. ಆದರೂ, ಹೋಗದೆ ಕೆಟ್ಟೆನೆಂದು ಹಂಫ್ರಿ ಮುಂದೆ ಪೇಚಾಡಿದ್ದರೆಂದು ನಿರ್ಮಾಪಕ ಜಾರ್ಜ್ ಶ್ಲಾಟರ್ ಹೇಳಿದ್ದುಂಟು.